ಪ್ರಶಸ್ತಿಯ ಮಾನದಂಡ: ಮೈಸೂರಿನ ಇಬ್ಬರು ಬೌಲರುಗಳ ನಿದರ್ಶನ

ಕ್ರೀಡೆಯಲ್ಲಿ ಶ್ರೇಷ್ಠನಾರೆಂಬ ಪ್ರಶ್ನೆಗೆ ಅಂಕಿಗಳೇ ಉತ್ತರವೀಯುವುವೆಂಬ ನಂಬಿಕೆ ಸರ್ವಸಾಮಾನ್ಯವಾದುದು. ಆದರೆ ಯಾವ ಅಂಕಿಯನ್ನು ಅಳತೆಗೋಲಾಗಿ ಹಿಡಿಯಬೇಕೆಂಬುದನ್ನು ಅಂಕಿಗಳು ಹೇಳಲಾರವು. ಅದನ್ನು ನಿಶ್ಚಯಿಸುವವರು ತೀರ್ಪುಗಾರರು. ಮೈಸೂರು ನಗರದಲ್ಲಿಯೇ ಜನಿಸಿದ ಇಬ್ಬರು ಬೌಲರುಗಳ ಟೆಸ್ಟ್ ದಾಖಲೆಯಿಂದ ಈ ಮಾತನ್ನು ಪರೀಕ್ಷಿಸಬಹುದು.

ಬಿ. ಎಸ್. ಚಂದ್ರಶೇಖರರು 1964ರಿಂದ 1979ರವರೆಗೆ 58 ಪಂದ್ಯಗಳಲ್ಲಿ 242 ವಿಕೆಟ್‌ಗಳನ್ನು ಪಡೆದರು. ಜಾವಗಲ್ ಶ್ರೀನಾಥರು 1991ರಿಂದ 2002ರವರೆಗೆ 67 ಪಂದ್ಯಗಳಲ್ಲಿ 236 ವಿಕೆಟ್‌ಗಳನ್ನು ಪಡೆದರು. ಪ್ರತಿ ವಿಕೆಟ್ಟಿಗೆ ತೆತ್ತ ಓಟಗಳ ಸರಾಸರಿ ಮೊದಲಿನವರದು 29.74, ಎರಡನೆಯವರದು 30.49. ಪ್ರತಿ ವಿಕೆಟ್ಟಿಗೆ ತಗಲಿದ ಚೆಂಡುಗಳನ್ನು ಎಣಿಸಿದರೆ ಕ್ರಮವಾಗಿ 65.9 ಮತ್ತು 64.0. ಹೀಗೆ ಒಟ್ಟು ಗಳಿಕೆಯಲ್ಲಿಯೂ ಸರಾಸರಿಯಲ್ಲಿಯೂ ಚಂದ್ರಶೇಖರರು ಮುಂದು. ಶೀಘ್ರತೆಯಲ್ಲಿ ಶ್ರೀನಾಥರು ಮುಂದು. ಬ್ಯಾಟಿಂಗನ್ನೂ ಸೇರಿಸಿದರೆ 167 ಓಟಗಳೆದುರು 1009 ಓಟಗಳು ನಿಲ್ಲುತ್ತವೆ. ಅಳತೆಗೋಲು ಬದಲಾದಂತೆ ವಿಜೇತನೂ ಬದಲಾಗುತ್ತಾನೆ. ಒಬ್ಬರು ಸ್ಪಿನ್ನರು, ಮತ್ತೊಬ್ಬರು ವೇಗದ ಬೌಲರು. ಸ್ಪಿನ್ನಿಗೆ ಒಲಿಯುವ ಸ್ವದೇಶದ ಅಂಕಣಗಳು ಇಬ್ಬರಿಗೂ ಸಮಾನವಾಗಿ ನೆರವಾಗಲಿಲ್ಲ. ಇದು ಯಾವ ಕೋಷ್ಟಕದಲ್ಲಿಯೂ ಕಾಣದು.

ಮಾನದಂಡದ ಮಿತಿಗೆ ವಿಸ್ಡನ್ ವಾರ್ಷಿಕದ ಆಯ್ಕೆ ಇನ್ನೊಂದು ಉದಾಹರಣೆ. ಅದರ ವರ್ಷದ ಐವರು ಆಟಗಾರರನ್ನು ಮುಖ್ಯವಾಗಿ ಇಂಗ್ಲೆಂಡಿನ ಋತುವಿನ ಮೇಲೆ ಅವರು ಬೀರಿದ ಪ್ರಭಾವದಿಂದ ಆರಿಸುವುದು ರೂಢಿ. 1971ರ ಓವಲ್ ಪಂದ್ಯದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ ಚಂದ್ರಶೇಖರರಿಗೆ 1972ರಲ್ಲಿ ಆ ಗೌರವ ಸಂದಿತು. ಶ್ರೀನಾಥರು 1999ರಲ್ಲಿ ಪಾಕಿಸ್ತಾನದೆದುರು 132 ಓಟಗಳಿಗೆ 13 ವಿಕೆಟ್ ಪಡೆದುದು ಕೋಲ್ಕತ್ತದಲ್ಲಿ. ಆ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಇದನ್ನು ಪಕ್ಷಪಾತವೆನ್ನಲಾಗದು, ನಿಯಮವು ಕೇಳಿದ ಪ್ರಶ್ನೆಯೇ ಬೇರೆ. ಆ ಪಟ್ಟಿಯನ್ನು ಜಗತ್ತಿನ ಶ್ರೇಷ್ಠರ ಪಟ್ಟಿಯೆಂದು ಓದುವುದು ಓದುಗನ ದೋಷ.

ಮಾನದಂಡವು ತಿದ್ದಿಕೊಳ್ಳಲಾಗದ ವಿಧಿಯೇನೂ ಅಲ್ಲ. ಅಮೆರಿಕದ ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನ ಹೆಸರಿಗೆ ಬರೆಯುವ ಗೆಲುವು ತನ್ನ ತಂಡದವರು ಗಳಿಸುವ ಓಟಗಳನ್ನೂ ಅವಲಂಬಿಸಿದೆ. ಆದರೂ ಸೈ ಯಂಗ್ ಪ್ರಶಸ್ತಿಯಲ್ಲಿ ಗೆಲುವುಗಳ ಸಂಖ್ಯೆಗೆ ಬಹುಕಾಲ ಹೆಚ್ಚು ಬೆಲೆಯಿತ್ತು. 2010ರಲ್ಲಿ 21 ಗೆಲುವುಗಳ ಸಬಾತಿಯಾನನ್ನು ಬಿಟ್ಟು, 13 ಗೆಲುವು 12 ಸೋಲುಗಳ ಫೆಲಿಕ್ಸ್ ಹೆರ್ನಾಂಡೆಸನಿಗೆ ಅಮೆರಿಕನ್ ಲೀಗಿನ ಪ್ರಶಸ್ತಿ ದೊರೆಯಿತು. ಓಟ ತೆತ್ತ ಸರಾಸರಿ ಅವನದೇ ಲೀಗಿನಲ್ಲಿ ಅತ್ಯಲ್ಪವಾಗಿತ್ತು.

ಆದುದರಿಂದ ನ್ಯಾಯವಾದ ಮಾನದಂಡಕ್ಕೆ ಮೂರು ಲಕ್ಷಣಗಳು ಅವಶ್ಯ: ಅದು ಸ್ಪರ್ಧೆಗೆ ಮೊದಲೇ ಪ್ರಕಟವಾಗಿರಬೇಕು, ಪ್ರಶಸ್ತಿಯ ಹೆಸರು ಸಾರುವ ಗುಣವನ್ನೇ ಅಳೆಯಬೇಕು, ಆಟಗಾರನ ಕೈಮೀರಿದ ಸಂಗತಿಯನ್ನು ಅವನ ಲೆಕ್ಕಕ್ಕೆ ಹಚ್ಚಬಾರದು. ಅಂಕಿಯೂ ಶಾಸನದಂತೆ ಒಂದು ಆಧಾರ. ಅದನ್ನು ಯಾರು, ಯಾವ ಉದ್ದೇಶದಿಂದ ಬರೆದರೆಂದು ವಿಚಾರಿಸದೆ ನಂಬುವುದು ಇತಿಹಾಸದ ವಿದ್ಯಾರ್ಥಿಗೆ ಉಚಿತವಲ್ಲ.