ನಿಮಗಿದು ಗೊತ್ತೆ? ಬ್ಯಾಟರಿ ಹೊಸದಾದರೂ ಸೆಲ್ಫ್ ಎತ್ತದಿರಲು ಕಾರಣ
ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲೇ ವಾಹನದಲ್ಲಿ ಅತಿ ಹೆಚ್ಚು ಕರೆಂಟ್ ಹೊರುವ ತಂತಿ. ಚಿಂತಾಮಣಿಯ ಟೊಮೆಟೊ ಮಂಡಿಗೋ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೋ ಚಳಿಗಾಲದ ನಸುಕಿನಲ್ಲಿ ಹೊರಡುವ ಡೀಸೆಲ್ ಟೆಂಪೊ ಸ್ಟಾರ್ಟ್ ಆಗಲು 200 ಆಂಪಿಯರ್‌ಗೂ ಹೆಚ್ಚು ಬೇಕಾಗಬಹುದು. ಆ ಹೊತ್ತಿನಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿಯ ಕಸುವೂ ಕುಗ್ಗಿರುತ್ತದೆ.

25 ಚದರ ಮಿ.ಮೀ. ದಪ್ಪದ ತಾಮ್ರದ ಕೇಬಲ್ ಹೋಗಿಬರುವ ದಾರಿ ಸೇರಿ 3 ಮೀಟರ್ ಇದ್ದರೆ, 200 ಆಂಪಿಯರ್‌ಗೆ ಸುಮಾರು 0.4 ವೋಲ್ಟ್ ದಾರಿಯಲ್ಲೇ ಸೋರುತ್ತದೆ. 50 ಚದರ ಮಿ.ಮೀ. ಕೇಬಲ್ ಹಾಕಿದರೆ ನಷ್ಟ ಅರ್ಧಕ್ಕಿಳಿಯುತ್ತದೆ. ಕೆಂಪು ಕೇಬಲ್ ಮಾತ್ರ ಬದಲಿಸಿ ಅರ್ತ್ ಕೇಬಲನ್ನು ಹಾಗೇ ಬಿಡುವುದು ಅರೆಬರೆ ಕೆಲಸ. ಅಷ್ಟೇ ಕರೆಂಟ್ ಅದರಲ್ಲೂ ಹರಿಯುತ್ತದೆ.

ಎಷ್ಟೋ ಸಲ ದೋಷವಿರುವುದು ಕೇಬಲ್ ತುದಿಯ ಲೋಹದ ಕೊಂಡಿಯಾದ ಲಗ್‌ನಲ್ಲಿ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಒರೆಸಬಹುದು. ಆದರೆ ಹೊದಿಕೆ ಸೀಳಿದಾಗ ಒಳಗಿನ ಎಳೆಗಳು ಉದ್ದಕ್ಕೂ ಕಪ್ಪಾಗಿ ಕಂಡರೆ ಇಡೀ ಕೇಬಲನ್ನೇ ಬದಲಿಸಬೇಕು. ಹೊಸ ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜದೆ ಕ್ರಿಂಪಿಂಗ್ ಟೂಲ್‌ನಿಂದ ಒತ್ತಿಸುವುದೇ ಸರಿ.

ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಪ್ಲಸ್ ತಿರುಗಿಸುವ ಸ್ಪ್ಯಾನರ್ ಬಾಡಿಗೆ ತಗುಲಿ ಶಾರ್ಟ್ ಆಗಬಹುದು.

ದಪ್ಪ ಕೇಬಲ್ ಬೇಕಿರುವುದು ಸ್ಟಾರ್ಟರಿಗೆ ಮಾತ್ರವಲ್ಲ. ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಕ್ಯಾರವಾನ್‌ಗಳಲ್ಲಿ 1000 ವ್ಯಾಟ್ ಇನ್ವರ್ಟರ್ ಪೂರ್ಣ ಲೋಡಿನಲ್ಲಿ 12 ವೋಲ್ಟ್ ಬ್ಯಾಟರಿಯಿಂದ 90 ಆಂಪಿಯರ್‌ನಷ್ಟು ಎಳೆಯುತ್ತದೆ, ಅದೂ ನಿರಂತರವಾಗಿ. ಇನ್ವರ್ಟರಿನ ಕೇಬಲ್‌ಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು.