ನಳಿಗೆಯ ಆಯುಷ್ಯ ಹನ್ನೆರಡು ಸೆಕೆಂಡು

ಪೊಲೀಸರ ಹೆಗಲ ಮೇಲೆ ಇಂದಿಗೂ ಕಾಣುವ ಎಸ್‌ಎಲ್‌ಆರ್ ಅರೆಸ್ವಯಂಚಾಲಿತ ಬಂದೂಕು. ಕುದುರೆ ಎಳೆದಷ್ಟು ಸಲ ಒಂದೊಂದೇ ಗುಂಡು ಹಾರುತ್ತದೆ. ಮುಂದಿನ ತೋಟಾವನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಈ ಬಂದೂಕಿನ ನಳಿಗೆ ಸುಮಾರು 53 ಸೆಂಟಿಮೀಟರ್ ಉದ್ದ. ಅದನ್ನು ದಾಟಲು ಗುಂಡಿಗೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಹೆಚ್ಚು ಹೊತ್ತು. 1.2 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ಹತ್ತು ಸಾವಿರ ಗುಂಡು ಹಾರಿಸಿದ ಮೇಲೆ ನಳಿಗೆ ಸವೆಯಿತು ಎನ್ನಿ. ವರ್ಷಾನುಗಟ್ಟಲೆ ಸೇವೆಯಲ್ಲಿದ್ದ ಆ ನಳಿಗೆ ನಿಜವಾಗಿ ದುಡಿದದ್ದು ಒಟ್ಟು 12 ಸೆಕೆಂಡು! ಉಳಿದ ಕಾಲವೆಲ್ಲ ಎಣ್ಣೆ ಹಚ್ಚಿಸಿಕೊಂಡು ನಿಂತದ್ದೇ.

ಆದರೆ ಆ ಹನ್ನೆರಡು ಸೆಕೆಂಡುಗಳು ಸಾಮಾನ್ಯದವಲ್ಲ. ಒಂಬತ್ತು ಗ್ರಾಂ ಚಿಲ್ಲರೆ ತೂಗುವ ಗುಂಡು ಸೆಕೆಂಡಿಗೆ 840 ಮೀಟರ್ ವೇಗದಲ್ಲಿ ಹೊರಬೀಳಬೇಕು. ಅದಕ್ಕೆ ಬೇಕಾದ ಶಕ್ತಿ ಸುಮಾರು 3,300 ಜೂಲ್, ಅಷ್ಟನ್ನೂ 1.2 ಮಿಲಿಸೆಕೆಂಡಿನಲ್ಲಿ ಕೊಡಬೇಕೆಂದರೆ ಮೂರೂವರೆ ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ. ನಮ್ಮ ರೈಲ್ವೆಯ ಡಬ್ಲ್ಯುಡಿಎಂ-3ಎ ಡೀಸೆಲ್ ಎಂಜಿನ್ನಿನ ಬಲವೇ 3,100. ಸಾಲದ್ದಕ್ಕೆ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಗಿರ್ರನೆ ತಿರುಗಿಸುತ್ತವೆ. 12 ಅಂಗುಲಕ್ಕೆ ಒಂದು ಸುತ್ತು, ಅಂದರೆ ನಿಮಿಷಕ್ಕೆ 1,65,000 ಸುತ್ತು.

ಮದ್ದು ಉರಿದಾಗ ಹುಟ್ಟುವ ಅನಿಲದ ಬಿಸಿ 2,500 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಉಕ್ಕು ಕರಗುವುದು 1,500 ಡಿಗ್ರಿಯ ಆಸುಪಾಸಿನಲ್ಲಿ. ಹಾಗಿದ್ದೂ ನಳಿಗೆ ಕರಗಿ ಹರಿಯುವುದಿಲ್ಲ, ಏಕೆಂದರೆ ಬಿಸಿಗೆ ಪುರಸೊತ್ತೇ ಸಿಗುವುದಿಲ್ಲ. ತೆಳ್ಳನೆಯ ಒಳಮೈ ಕಾಯುತ್ತದೆ, ಅಷ್ಟರಲ್ಲಿ ಹಿಂದಿನ ದಪ್ಪ ಉಕ್ಕು ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾಯುವುದು, ತಣಿಯುವುದು, ಮತ್ತೆ ಕಾಯುವುದು. ಇದರ ಜೊತೆಗೆ ಅನಿಲದಲ್ಲಿರುವ ಇಂಗಾಲ, ಸಾರಜನಕ ಉಕ್ಕಿನೊಳಕ್ಕೆ ಇಳಿದು ಅದನ್ನು ಪೆಡಸು ಮಾಡುತ್ತವೆ. ತೋಟಾ ಕೂರುವ ಜಾಗದ ತುಸು ಮುಂದೆ, ಗೀರುಗಳು ಶುರುವಾಗುವ ಕೊರಳಿನಲ್ಲಿ, ಪೆಟ್ಟು ಹೆಚ್ಚು. ಸವೆದ ನಳಿಗೆಯೊಳಕ್ಕೆ ಸಣ್ಣ ದುರ್ಬೀನು ಇಳಿಸಿ ನೋಡಿದರೆ ಅಲ್ಲಿನ ಉಕ್ಕು ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿರುತ್ತದೆ. ಆ ಬಿರುಕಿನ ಅಂಚುಗಳನ್ನು ಮುಂದಿನ ಗುಂಡಿನ ಅನಿಲ ಕೆರೆದುಕೊಂಡು ಹೋಗುತ್ತದೆ. ಹತ್ತು ಸಾವಿರ ಗುಂಡಿಗೆ 0.1 ಮಿಲಿಮೀಟರ್ ಸವೆಯಿತೆಂದರೆ, ಒಂದು ಗುಂಡಿನ ಪಾಲಿಗೆ ಬರುವುದು ಕಬ್ಬಿಣದ ನಲವತ್ತು ಪರಮಾಣುಗಳ ದಪ್ಪ. ಕ್ರೋಮಿಯಂ ಲೇಪ ಕೊಡುವುದು ಇದಕ್ಕೇ. ಅದು ಕರಗಲು 1,900 ಡಿಗ್ರಿ ದಾಟಬೇಕು.

ಇದೇ ಲೆಕ್ಕವನ್ನು ನಾಸಿಕದ ಪಕ್ಕದ ದೇವಲಾಲಿಗೆ ಒಯ್ಯಿರಿ. ದೇಶ ವಿಭಜನೆಯಾದಾಗ, ಪಾಕಿಸ್ತಾನದ ಪಾಲಾದ ಕಾಕುಲ್‌ನಿಂದ ಬಂದ ಸೈನ್ಯದ ಫಿರಂಗಿ ಶಾಲೆ ಇರುವುದು ಅಲ್ಲಿ. 155 ಮಿಲಿಮೀಟರ್ ಬೋಫೋರ್ಸ್ ಫಿರಂಗಿಯ ನಳಿಗೆ ಆರು ಮೀಟರ್ ಉದ್ದ. ಶೆಲ್ ಅದರೊಳಗೆ ಇರುವುದು ಸೆಕೆಂಡಿನ ಅರವತ್ತನೆಯ ಒಂದು ಪಾಲು. ಪೂರ್ಣ ಮದ್ದಿನ ಎರಡು ಸಾವಿರ ಶೆಲ್ ಹೊಡೆಯಿತೆಂದುಕೊಂಡರೂ ದುಡಿಮೆ ಅರ್ಧ ನಿಮಿಷವನ್ನು ತುಸು ದಾಟುತ್ತದೆ, ಅಷ್ಟೆ. ಫಿರಂಗಿಯ ವಯಸ್ಸನ್ನು ಹಾಗಾಗಿ ವರ್ಷದಲ್ಲಿ ಹೇಳುವುದಿಲ್ಲ. ಪ್ರತಿ ಫಿರಂಗಿಗೂ ಒಂದು ಪುಸ್ತಕ. ಪೂರ್ಣ ಮದ್ದಿನ ಹೊಡೆತಕ್ಕೆ ಒಂದು ಅಂಕ, ಕಡಿಮೆ ಮದ್ದಿಗೆ ಅದರ ಭಾಗ.

1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮವರು ಹಾರಿಸಿದ ಶೆಲ್, ಬಾಂಬು, ರಾಕೆಟ್‌ಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಎಲ್ಲವನ್ನೂ ಬೋಫೋರ್ಸ್ ಲೆಕ್ಕಕ್ಕೇ ಹಿಡಿಯೋಣ: ಇಡೀ ಯುದ್ಧದ ಫಿರಂಗಿಗಳೆಲ್ಲ ಕೂಡಿ ದುಡಿದದ್ದು ಒಂದು ಗಂಟೆ ಹತ್ತು ನಿಮಿಷ. ನನಗಂತೂ ಈ ಲೆಕ್ಕವನ್ನು ಎರಡು ಸಲ ಮಾಡಿದ ಮೇಲೆಯೇ ನಂಬಿಕೆ ಬಂತು.

ಸವೆತದ ಪರಾಕಾಷ್ಠೆ ಮಾತ್ರ 1918ರ ಜರ್ಮನರ ಪ್ಯಾರಿಸ್ ಫಿರಂಗಿ. ನೂರಿಪ್ಪತ್ತು ಕಿಲೋಮೀಟರ್ ದೂರದಿಂದ ಪ್ಯಾರಿಸ್ಸಿಗೆ ಹೊಡೆಯುತ್ತಿತ್ತು. ಒಂದೊಂದು ಶೆಲ್‌ಗೂ ನಳಿಗೆ ಎಷ್ಟು ಅಗಲವಾಗುತ್ತಿತ್ತೆಂದರೆ, ಮುಂದಿನ ಶೆಲ್ ಹಿಂದಿನದಕ್ಕಿಂತ ದಪ್ಪ ಇರಬೇಕಿತ್ತು. ಅದಕ್ಕೇ ಶೆಲ್‌ಗಳಿಗೆ ನಂಬರು ಹಾಕಿ, ಸರದಿಯಂತೆ ತುಂಬುತ್ತಿದ್ದರು. ಸುಮಾರು 65 ಹೊಡೆತಕ್ಕೆ ನಳಿಗೆ ಕಾರ್ಖಾನೆಗೆ ವಾಪಸು. ದುಡಿಮೆ ಮೂರು ಸೆಕೆಂಡು ತುಂಬಿದ್ದರೆ ಹೆಚ್ಚು.

ಇತ್ತ ಛತ್ರಪತಿ ಸಂಭಾಜಿನಗರದ ಬಳಿಯ ದೌಲತಾಬಾದ್ ಕೋಟೆಯ ಮೇಲೆ ಟಗರಿನ ತಲೆಯ ಮೇಂಢಾ ತೋಪು ಇನ್ನೂ ಇದೆ, ಔರಂಗಜೇಬನ ಹೆಸರು ಹೊತ್ತು. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಕೂಡ ಈ ಸೀಮೆಯ ಮಗನೇ. 1549ರಲ್ಲಿ ಎರಕ ಹೊಯ್ದದ್ದು ಅಹ್ಮದ್‌ನಗರದಲ್ಲಿ. ಇವಕ್ಕೆ ಒಳಗೆ ಗೀರುಗಳಿಲ್ಲ, ಗುಂಡು ನಳಿಗೆಗಿಂತ ಸಡಿಲ, ಕಪ್ಪು ಮದ್ದಿನ ಒತ್ತಡವೂ ಕಡಿಮೆ. ಕೊರಳು ಸವೆಯುವ ಪ್ರಶ್ನೆಗಿಂತ, ಸಿಡಿದುಹೋಗದಿದ್ದರೆ ಸಾಕೆಂಬ ಚಿಂತೆಯೇ ದೊಡ್ಡದು. ಅದಕ್ಕೇ ಅಷ್ಟು ಲೋಹ: ಮಲಿಕ್‌ನ ತೂಕ 55 ಟನ್. 2018ರ ನವೆಂಬರ್‌ನಲ್ಲಿ ದೇವಲಾಲಿಯಲ್ಲಿ ಸೈನ್ಯಕ್ಕೆ ಸೇರಿದ ಎಂ-777 ಫಿರಂಗಿ 4.2 ಟನ್; ಒಂದು ಮಲಿಕ್‌ನ ತೂಕಕ್ಕೆ ಅಂಥವು ಹದಿಮೂರು.