ಇಳಿಜಾರಿಗೆ ನಿಂತ ಟ್ರ್ಯಾಕ್ಟರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಣ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಅಡ್ಡಾಡಿದವರು ಒಂದು ವಿಚಿತ್ರವನ್ನು ಕಂಡಿರಬಹುದು. ಮನೆಯ ಮುಂದೆ ಸಮತಟ್ಟಾದ ಅಂಗಳವಿದ್ದರೂ ಕೆಲವರು ತಮ್ಮ ಟ್ರ್ಯಾಕ್ಟರನ್ನು ಅಲ್ಲಿ ನಿಲ್ಲಿಸದೆ, ಓಣಿಯ ಕೊನೆಯಲ್ಲಿ ನೆಲವು ಇಳಿಜಾರಾದೆಡೆಗೆ ಒಯ್ದು, ಗಾಲಿಗೆ ಕಲ್ಲು ಕೊಟ್ಟು ಬರುತ್ತಾರೆ. ಬೆಳಿಗ್ಗೆ ಕಲ್ಲು ಸರಿಸಿ, ಉರುಳುವ ಗಾಡಿಗೆ ಗೇರು ಹಾಕಿ ಕ್ಲಚ್ಚು ಬಿಟ್ಟರೆ ಎಂಜಿನು ಚಾಲೂ ಆಗುವುದೆಂಬ ಧೈರ್ಯ ಅವರದು. ಕಾರಣ ಕೇಳಿದರೆ, ಸೆಲ್ಫು ಹೊಡೆಯುವುದಿಲ್ಲ, ಬ್ಯಾಟರಿ ಹೋಗಿದೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಪಾಪದ ಬ್ಯಾಟರಿಯು ಹೀಗೆ ಪರರ ಅಪರಾಧಕ್ಕಾಗಿ ಎಷ್ಟು ಸಲ ಗುಜರಿಗೆ ಹೋಗಿದೆಯೋ ಲೆಕ್ಕವಿಟ್ಟವರಿಲ್ಲ.

ಡೀಸೆಲ್ ಎಂಜಿನಿಗೆ ಪೆಟ್ರೋಲಿನದರಂತೆ ಕಿಡಿ ಬೇಕಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ತಾಪದಿಂದಲೇ ಅದರಲ್ಲಿ ಎಣ್ಣೆಯು ಉರಿಯುವುದರಿಂದ, ಒಮ್ಮೆ ಚಾಲೂ ಆದ ಹಳೆಯ ಟ್ರ್ಯಾಕ್ಟರು ಬ್ಯಾಟರಿಯ ಹಂಗಿಲ್ಲದೆ ದಿನವಿಡೀ ದುಡಿಯಬಲ್ಲದು. ಎಂತಲೇ ಅದರ ವಿದ್ಯುತ್ತಿನ ರೋಗವು ಎಂಜಿನು ಆರುವ ತನಕ ಹೊರಬೀಳುವುದಿಲ್ಲ. ನಮ್ಮ ಸೀಮೆಯಲ್ಲಿ ಅದು ಹೊರಬೀಳುವ ಸ್ಥಳವೂ ಹೆಚ್ಚುಕಡಿಮೆ ನಿಶ್ಚಿತವಾದುದೇ: ಸಕ್ಕರೆ ಕಾರ್ಖಾನೆಯ ಬಾಗಿಲಿನ ಪಾಳಿ.

ಕೃಷ್ಣೆ ಮತ್ತು ಘಟಪ್ರಭೆಯರ ನಡುವಣ ಈ ನೆಲದಲ್ಲಿ ಕಬ್ಬು ಹಬ್ಬಿದ ಕಥೆಯನ್ನು ಇಲ್ಲಿ ಪೂರ್ತಿಯಾಗಿ ಹೇಳಲು ಅವಕಾಶವಿಲ್ಲ. ಸರಕಾರದ ಹಾದಿ ಕಾಯದೆ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು, ಅಂದರೆ ‘ಶ್ರಮಬಿಂದು ಸಾಗರ’ವು, ಆ ಕಥೆಯ ಹಿರಿಯ ಅಧ್ಯಾಯವೆಂದರೆ ಸಾಕು. ಸಮೀರವಾಡಿ, ಹಿರೇಪಡಸಲಗಿ, ಬಾಡಗಂಡಿ, ತಿಮ್ಮಾಪುರ, ಮುಧೋಳಗಳ ಕಾರ್ಖಾನೆಗಳತ್ತ ಸಾಗುವ ದಾರಿಯಲ್ಲಿ, ಒಂದು ಕಾಲಕ್ಕೆ ಅಡಿಯಲ್ಲಿ ಕಂದೀಲು ತೂಗಿಬಿಟ್ಟ ಚಕ್ಕಡಿಗಳು ಕೊರಳ ಗಂಟೆಯ ಸದ್ದಿನೊಡನೆ ನಡೆದಲ್ಲಿ, ಈಗ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ದೀಪ ಉರಿಸಿಕೊಂಡು, ಹಾಡು ಹಚ್ಚಿಕೊಂಡು ಸಾಗುತ್ತವೆ. ಪಾಳಿಯಲ್ಲಿ ಇರುಳಿಡೀ ಕಾಯುವಾಗ ಚಾಲಕನು ಎಂಜಿನು ಆರಿಸುತ್ತಾನೆ, ಮುಂದಿನ ಗಾಡಿ ಹತ್ತು ಮಾರು ಸರಿದರೆ ಮತ್ತೆ ಸೆಲ್ಫು ಹೊಡೆಯುತ್ತಾನೆ, ಮತ್ತೆ ಆರಿಸುತ್ತಾನೆ. ತುಂಬಿದ ಎರಡು ಟ್ರೇಲರುಗಳನ್ನು ಬೆನ್ನಿಗೆ ಕಟ್ಟಿಕೊಂಡವನಿಗೆ ಅಲ್ಲಿ ಇಳಿಜಾರಿನ ಉಪಾಯವೂ ಒದಗದು.

ಹೀಗೆ ಸೆಲ್ಫಿಗೆ ಖರ್ಚಾಗುವ ವಿದ್ಯುತ್ತನ್ನು ವಾಹನವು ತಾನೇ ಹೆತ್ತುಕೊಳ್ಳುವ ಏರ್ಪಾಡು ಬಂದ ದಾರಿ ಬಲು ದೀರ್ಘವಾದುದು. ಸುರುಳಿ ಸುತ್ತಿದ ತಂತಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ತಂತಿಯಲ್ಲಿ ಪ್ರವಾಹ ಹುಟ್ಟುವುದೆಂದು ಮೈಕೇಲ್ ಫ್ಯಾರಡೆಯು 1831ರಲ್ಲಿ ತೋರಿಸಿದನು. ಮರುವರ್ಷವೇ ಪ್ಯಾರಿಸಿನ ಹಿಪ್ಪೊಲಿಟ್ ಪಿಕ್ಸಿಯು ಕೈಯಿಂದ ತಿರುವುವ ಯಂತ್ರವೊಂದನ್ನು ಮಾಡಿದನು. ಆದರೆ ತಿರುಗುವ ಯಂತ್ರದಲ್ಲಿ ಹುಟ್ಟುವ ಪ್ರವಾಹವು ಸ್ವಭಾವತಃ ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ತೂಗುವಂಥದು. ಅದನ್ನು ಏಕಮುಖಗೊಳಿಸಲು ಕಮ್ಯುಟೇಟರೆಂಬ ಸೀಳುಬಳೆಯನ್ನು ಜೋಡಿಸಬೇಕಾಯಿತು. 1860ರ ದಶಕದ ಉತ್ತರಾರ್ಧದಲ್ಲಿ ವೆರ್ನರ್ ಸೀಮೆನ್ಸ್ ಮೊದಲಾದವರು ಇನ್ನೊಂದು ರಹಸ್ಯವನ್ನು ಕಂಡರು: ಒಮ್ಮೆ ಕಾಂತವಾದ ಕಬ್ಬಿಣದಲ್ಲಿ ಆ ಗುಣದ ಲೇಶವೊಂದು ಉಳಿದೇ ಇರುತ್ತದೆ, ವೇಗವಾಗಿ ತಿರುಗಿಸಿದರೆ ಆ ಲೇಶವೇ ಅಲ್ಪ ಪ್ರವಾಹವನ್ನು ಹುಟ್ಟಿಸಿ, ಆ ಪ್ರವಾಹವು ಕಾಂತವನ್ನು ಬಲಪಡಿಸಿ, ಬಲಗೊಂಡ ಕಾಂತವು ಮತ್ತಷ್ಟು ಪ್ರವಾಹವನ್ನು ಕೊಟ್ಟು, ಡೈನಮೋ ಎಂಬ ಈ ಯಂತ್ರವು ತನ್ನ ಕಾಲಮೇಲೆ ತಾನೇ ಎದ್ದು ನಿಲ್ಲುತ್ತದೆ. ಹೆಪ್ಪಿನ ಹನಿಯಿಂದ ಗಡಿಗೆಯ ಹಾಲು ಮೊಸರಾಗುವ ಬಗೆಯಿದು. ಓದುಗರು ಈ ಲೇಶವನ್ನು ನೆನಪಿನಲ್ಲಿಡಬೇಕು. ಅದರ ಕೆಲಸ ಮುಂದಿದೆ.

ಗ್ಯಾಸ್ಟನ್ ಪ್ಲಾಂಟೆಯು 1859ರಲ್ಲಿಯೇ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿಳಿಸಿ, ಮತ್ತೆ ಮತ್ತೆ ತುಂಬಬಲ್ಲ ಬ್ಯಾಟರಿಯನ್ನು ರಚಿಸಿದ್ದನು. ಡೈನಮೋ ಮತ್ತು ಬ್ಯಾಟರಿಗಳನ್ನು ಮೋಟಾರು ಗಾಡಿಯಲ್ಲಿ ಬಿಡಿಸಲಾರದಂತೆ ಒಂದುಗೂಡಿಸಿದ್ದು 1912ರ ಕ್ಯಾಡಿಲಾಕ್ ಕಾರು. ಹ್ಯಾಂಡಲು ಹೊಡೆಯುವಾಗ ಅದು ತಿರುಗಿ ಬಡಿದು ಮಣಿಕಟ್ಟು ಮುರಿಯುತ್ತಿದ್ದ ಕಾಲದಲ್ಲಿ ಚಾರ್ಲ್ಸ್ ಕೆಟರಿಂಗನು ವಿದ್ಯುತ್ತಿನಿಂದ ಎಂಜಿನು ಎಬ್ಬಿಸುವ ಏರ್ಪಾಡನ್ನು ಅದಕ್ಕೆ ಅಳವಡಿಸಿದನು. ಕ್ಷಣಮಾತ್ರದಲ್ಲಿ ನೂರಾರು ಆಂಪಿಯರು ಬೇಡುವ ಈ ಸೆಲ್ಫಿಗೆ ಬ್ಯಾಟರಿ ಸಾಲ ಕೊಡಬೇಕು. ಆ ಸಾಲವನ್ನು ಡೈನಮೋ ದಾರಿಯುದ್ದಕ್ಕೂ ತೀರಿಸುತ್ತ ಹೋಗಬೇಕು.

ತೀರಿಸುವುದರಲ್ಲಿ ಡೈನಮೋ ಸೋಮಾರಿಯೆಂದೇ ಹೇಳಬೇಕು. ಅದರಲ್ಲಿ ಉತ್ಪನ್ನವಾದ ಸಮಸ್ತ ಪ್ರವಾಹವೂ ತಿರುಗುವ ಸುರುಳಿಯಾದ ಆರ್ಮೇಚರಿನಿಂದ ಆ ಸೀಳುಬಳೆಯನ್ನು ದಾಟಿ, ಅದಕ್ಕೆ ತಾಗಿಕೊಂಡ ಕಾರ್ಬನ್ನುಗಳ ಮೂಲಕವೇ ಹೊರಬರಬೇಕು. ವೇಗ ಮಿತಿಮೀರಿದರೆ ಆರ್ಮೇಚರಿನ ತಂತಿಗಳು ಸಿಡಿದೇಳುವ ಭಯವಿರುವುದರಿಂದ ಅದನ್ನು ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸಲೂ ಬಾರದು. ಆದುದರಿಂದ ಎಂಜಿನು ಸಾವಕಾಶವಾಗಿ ಗುರುಗುಟ್ಟುವಾಗ ಅದರಿಂದ ಬರುವುದು ಶೂನ್ಯಕ್ಕೆ ಸಮೀಪ. ಆಗ ಬ್ಯಾಟರಿಯ ಪ್ರವಾಹವೇ ಹಿಂದಕ್ಕೆ ಹರಿದು ಡೈನಮೋವನ್ನು ಸುಡದಂತೆ ತಡೆಯಲು ಕಟೌಟೆಂಬ ಕಾವಲುಗಾರನೊಬ್ಬ ಬೇರೆ.

ಆಲ್ಟರ್ನೇಟರು ಬಂದು ಈ ಸಂಸಾರವನ್ನೇ ತಲೆಕೆಳಗು ಮಾಡಿತು. ಅಲ್ಲಿ ತಿರುಗುವುದು ಕಾಂತ. ಪ್ರವಾಹ ಹುಟ್ಟುವ ಸುರುಳಿ ಸುತ್ತಲೂ ನಿಶ್ಚಲವಾಗಿ ಕುಳಿತಿರುತ್ತದೆ. ಕಾರ್ಬನ್ನುಗಳು ಕಾಂತಕ್ಕೆ ಬೇಕಾದ ನಾಲ್ಕಾರು ಆಂಪಿಯರನ್ನಷ್ಟೇ ನುಣುಪಾದ ಬಳೆಗಳಿಗೆ ಮುಟ್ಟಿಸಿದರೆ ಸಾಕು. ತೂಗುವ ಪ್ರವಾಹವನ್ನು ಏಕಮುಖಗೊಳಿಸುವ ಕೆಲಸವನ್ನು ಆರು ಸಿಲಿಕಾನ್ ಡಯೋಡುಗಳು ವಹಿಸಿಕೊಳ್ಳುತ್ತವೆ. ಹಿಂದಕ್ಕೆ ಹರಿಯಗೊಡದಿರುವುದು ಅವುಗಳ ಹುಟ್ಟುಗುಣವಾದ್ದರಿಂದ ಕಟೌಟಿಗೆ ನಿವೃತ್ತಿ. ಎಂಜಿನು ನಿಮಿಷಕ್ಕೆ 700 ಸುತ್ತು ತಿರುಗುವಾಗಲೂ ಇದನ್ನು ಇಮ್ಮಡಿಗೂ ಮಿಕ್ಕ ವೇಗದಲ್ಲಿ ತಿರುಗಿಸಬಹುದು. ಅಮೆರಿಕದ ಕ್ರೈಸ್ಲರ್ ಕಂಪನಿಯು 1960ರ ವ್ಯಾಲಿಯಂಟ್ ಕಾರಿಗೆ ಇದನ್ನು ಮೂಲದಿಂದಲೇ ಕೂಡಿಸಿತು. ಮರುವರ್ಷ, 1961ರಲ್ಲಿ, ವಾಹನಗಳ ವಿದ್ಯುತ್ ಉಪಕರಣ ತಯಾರಿಸುವ ಲ್ಯೂಕಾಸ್-ಟಿವಿಎಸ್ ಕಂಪನಿಯು ಮದರಾಸಿನಲ್ಲಿ ಸ್ಥಾಪಿತವಾಯಿತು. ಆದರೂ ನಮ್ಮ ಕಡೆಯ ಮಿಸ್ತ್ರಿಗಳು ಆಲ್ಟರ್ನೇಟರನ್ನೂ ಡೈನಮೋ ಎಂದೇ ಕರೆಯುತ್ತಾರೆ. ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

ಹಿಂದಿನ ಹಂಗಾಮಿನಲ್ಲಿ ಜಮಖಂಡಿಯ ಹೊರವಲಯದ ಗ್ಯಾರೇಜೊಂದರಲ್ಲಿ ಬೇರೆ ಕಾರ್ಯನಿಮಿತ್ತ ಕುಳಿತಿದ್ದಾಗ ತರುಣ ಚಾಲಕನೊಬ್ಬ ಬಂದನು.

“ಹೊಲದಾಗ ಒಂದ ದಿನಾನೂ ಕೈಕೊಟ್ಟಿಲ್ರಿ ಮಿಸ್ತ್ರಿ. ಕಾರ್ಖಾನಿ ಪಾಳಿಯೊಳಗ ನಿಂತ್ರ ಅಷ್ಟ ಬ್ಯಾಟ್ರಿ ಡೌನ್ ಆಗತೈತಿ. ಎರಡನೇ ಬ್ಯಾಟ್ರಿ ಇದು,” ಎಂದವನು, ಎಂಜಿನು ನಡೆಯುತ್ತಿರುವಂತೆಯೇ ಬ್ಯಾಟರಿಯ ಟರ್ಮಿನಲ್ಲು ಕಿತ್ತು ತೋರಿಸಲು ಕೈಹಾಕಿದನು.

“ಏ ತಮ್ಮಾ, ಕೈ ತಗಿ! ಅದು ಹಳೇ ಡೈನಮೋದ ಕಾಲದಾಗ ನಡೀತಿತ್ತು. ಇದರಾಗ ಹಂಗ ಮಾಡಿದ್ರ ಡಯೋಡ್ ಸುಟ್ಟ ಹೋಗತಾವ.”

ಮಿಸ್ತ್ರಿ ಹೆಬ್ಬೆರಳಿನಿಂದ ಟರ್ಮಿನಲ್ಲಿನ ಬಿಳಿಯ ಪುಡಿಯನ್ನು ಒರೆಸಿ ಮೀಟರು ಹಚ್ಚಿದನು. ಆರು ಸೆಲ್ಲುಗಳ ಬ್ಯಾಟರಿ ಭರ್ತಿಯಾಗಿದ್ದರೆ ನಿಂತ ಗಾಡಿಯಲ್ಲಿ 12.6 ವೋಲ್ಟು ತೋರಿಸಬೇಕು. ಚಾರ್ಜಿಂಗು ನಡೆದಿದ್ದರೆ 13.8ರಿಂದ 14.4ರ ನಡುವೆ ಇರಬೇಕು. 15 ದಾಟಿತೆಂದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರು ಕೆಟ್ಟು ಬ್ಯಾಟರಿಯ ನೀರು ಕುದಿದು ಆರುತ್ತಿದೆಯೆಂದು ತಿಳಿಯಬೇಕು. ಇಲ್ಲಿ ಎಂಜಿನು ನಡೆಯುತ್ತಿದ್ದರೂ 12ರಷ್ಟೇ ಇತ್ತು. ಹೆಡ್‌ಲೈಟು ಹಚ್ಚಿದೊಡನೆ ಇನ್ನೂ ಇಳಿಯಿತು. ಬೆಲ್ಟನ್ನು ಒತ್ತಿ ನೋಡಿದನು, ಬಿಗಿಯಾಗಿತ್ತು. ಅರ್ಥಿಂಗ್ ವಾಯರೂ ಭದ್ರವಾಗಿತ್ತು. ಆಗ ಎಕ್ಸಲರೇಟರನ್ನು ಪೂರ್ತಿ ಎಳೆದನು. ಮೀಟರು ತಟ್ಟನೆ 14ಕ್ಕೆ ಜಿಗಿಯಿತು. ವೇಗ ಇಳಿಸಿದರೂ ಅಲ್ಲಿಯೇ ನಿಂತಿತು. ಎಂಜಿನು ಆರಿಸಿ ಮತ್ತೆ ಹಚ್ಚಿದರೆ, ಮತ್ತದೇ 12. ಕೆಟ್ಟ ಯಂತ್ರ ಹೀಗೆ ವರ್ತಿಸಲಾರದು. ಎಂಜಿನು ಆರಿಸಿ, ಚಾವಿಯನ್ನಷ್ಟೇ ತಿರುವಿ, ಆಲ್ಟರ್ನೇಟರಿನ ಬೆನ್ನಿಗೆ ಸ್ಕ್ರೂಡ್ರೈವರು ತಾಕಿಸಿದನು. ಕಾಂತವಿದ್ದರೆ ಅದು ಕಚ್ಚಿಕೊಳ್ಳಬೇಕಿತ್ತು; ಕಚ್ಚಲಿಲ್ಲ.

“ಚಾವಿ ತಿರುವಿದಾಗ ಕೆಂಪು ದೀಪ ಹತ್ತತಿತ್ತೇನು?”

“ಅದು ಹತ್ತಲಾರ್ದಕ್ಕ ಭಾಳ ದಿನಾತ್ರಿ. ಚಾರ್ಜಿಂಗ್ ಬರೋಬ್ಬರಿ ಐತಂತ ತಿಳದಿದ್ದೆ.”

ಮೀಟರು ಹಲಗೆಯ ಆ ಕೆಂಪು ದೀಪ ಬರಿಯ ಎಚ್ಚರಿಕೆಯ ಚಿಹ್ನೆಯೆಂಬ ಭ್ರಾಂತಿ ನನಗೂ ಇತ್ತು. ಇಂಥ ಆಲ್ಟರ್ನೇಟರುಗಳಲ್ಲಿ ಚಾವಿ ತಿರುವಿದೊಡನೆ ಬ್ಯಾಟರಿಯ ಮೊದಲ ಪ್ರವಾಹವು ಆ ದೀಪದ ಮೂಲಕವೇ ಕಾಂತದ ಸುರುಳಿಗೆ ಹೋಗುತ್ತದೆ. ಹೆಪ್ಪು ಹಾಕುವುದು ಅದೇ. ಉತ್ಪಾದನೆ ಆರಂಭವಾದಾಗ ಎರಡೂ ಬದಿಯ ವೋಲ್ಟೇಜು ಸಮನಾಗಿ ದೀಪ ಆರುತ್ತದೆ. ಬಲ್ಬು ಹೋಗಿದ್ದರಿಂದ ಈ ಗಾಡಿಗೆ ಉಳಿದದ್ದು ಕಬ್ಬಿಣದೊಳಗಿನ ಆ ಪುರಾತನ ಲೇಶ ಮಾತ್ರ. ಹೊಲದಲ್ಲಿ ಎಂಜಿನು ಮೊರೆಯುವಾಗ ಅದು ಸಾಲುತ್ತಿತ್ತು. ಪಾಳಿಯಲ್ಲಿ ಹಚ್ಚಿ, ತೆವಳಿ, ಆರಿಸುವಾಗ ಸಾಲುತ್ತಿರಲಿಲ್ಲ.

ಮಿಸ್ತ್ರಿ ಡಬ್ಬಿಯಲ್ಲಿ ಹುಡುಕಿ ಹುಣಸೆಬೀಜದಷ್ಟು ದೊಡ್ಡ ಬಲ್ಬೊಂದನ್ನು ತೆಗೆದು ಕೂಡಿಸಿದನು. ಚಾವಿ ತಿರುವಿದೊಡನೆ ಕೆಂಪು ಹೊತ್ತಿತು. ಸ್ಕ್ರೂಡ್ರೈವರು ಟಕ್ಕನೆ ಕಚ್ಚಿಕೊಂಡಿತು. ಎಂಜಿನು ಹಚ್ಚಿದಾಗ ಕೆಂಪು ಆರಿ ಮೀಟರು ಮೆಲ್ಲಗೆ 14ರತ್ತ ಏರಿತು.

ಚಾಲಕನು ಕೆಲಹೊತ್ತು ಸುಮ್ಮನಿದ್ದನು. “ಹಂಗಾರ, ಹೋದ ತಿಂಗಳ ಗುಜರಿಗೆ ಹಾಕಿದ ಬ್ಯಾಟ್ರಿ?” ಎಂದು ಕೇಳಿದನು.

ಮಿಸ್ತ್ರಿ ಉತ್ತರಿಸಲಿಲ್ಲ, ಹತ್ತಿಯ ವೇಸ್ಟಿನಿಂದ ಕೈ ಒರೆಸಿಕೊಳ್ಳುತ್ತ, ಹೊರಗೆ ನಾಲ್ಕು ಜನ ದಬ್ಬಿಕೊಂಡು ಬರುತ್ತಿದ್ದ ಇನ್ನೊಂದು ಟ್ರ್ಯಾಕ್ಟರಿನತ್ತ ನಡೆದನು.